ಸಾದಹಳ್ಳಿ ಗೇಟಿನ ತನಕ

ಆಧಾರ್ ಎತ್ತಿಡಮ್ಮ, ಈ ಬಸ್ಸಲ್ಲಿ ಫ್ರೀ ಇಲ್ಲ.
ಇದು ಏರ್‌ಪೋರ್ಟ್ ಗಾಡಿ,
ಗಂಡಸಿಗೂ ಹೆಂಗಸಿಗೂ ಒಂದೇ ರೇಟು.
ಆದರೂ ಕಾರ್ಡು ಕೈಗೆ ಸಿಗೋ ಹಾಗಿರಲಿ,
ಅಲ್ಲಿ ಬಾಗಿಲಲ್ಲಿ ಕೋವಿ ಹಿಡಿದವನು ಕೇಳ್ತಾನೆ.
ಮಗೂದೂ ಇದೆಯಾ, ನೀಲಿದು? ಸರಿ.

ಎರಡು ವರ್ಷ ಹನ್ನೊಂದು ದಿನವಾ?
ಹನ್ನೊಂದು ದಿನಕ್ಕೆ ಪೂರ್ತಿ ಟಿಕೆಟ್ ಹರಿದರಾ!
ನಾನಾಗಿದ್ದರೆ ತೊಡೆ ಮೇಲೆ ಕೂರಿಸ್ಕೊ ಅಂತ
ಕಿಟಕಿ ಕಡೆ ತಿರುಗಿಬಿಡ್ತಿದ್ದೆ.
ಹೋಗಲಿ. ದುಡ್ಡು ಕೊಟ್ಟ ಮೇಲೆ ಸೀಟು ಮನ್ವಿತನದು,
ಯಾರು ಹಲ್ಲು ಕಿರಿದು ಕೇಳಿದರೂ ಬಿಡಬೇಡ.

ಮೇಖ್ರಿ ಸರ್ಕಲ್ ದಾಟೋದರೊಳಗೆ ಆ ಚೀಲ ಬಿಚ್ಚು.
ಉಪ್ಪಿನಕಾಯಿ ಕೈಚೀಲದಲ್ಲಾ? ಕಿತ್ತುಕೋತಾರೆ,
ಕಸದ ಡಬ್ಬಿಗೆ ಬೀಳೋದನ್ನ ನಿಂತು ನೋಡಬೇಕಾಗುತ್ತೆ.
ಸೀರೆಯೊಳಗೆ ಸುತ್ತಿ ದೊಡ್ಡ ಪೆಟ್ಟಿಗೆಗೆ ಇಳಿಸು.
ಕೊಬ್ಬರಿ ಯಾವುದರಲ್ಲೂ ಬೇಡ,
ಎಣ್ಣೆ ಜಾಸ್ತಿ, ಹೊತ್ತಿಕೊಳ್ಳುತ್ತಂತೆ.
ತಿಪಟೂರಿನವರೊಬ್ಬರು ಹೋದ ತಿಂಗಳು ನನ್ನ ಮಾತು ನಂಬಿ
ಇದೇ ಸೀಟಲ್ಲಿ ಅರ್ಧ ಚೀಲ ಗಿಟುಕು ಬಿಟ್ಟು ಹೋದರು.
ಡಿಪೋದಲ್ಲಿ ಮೂರು ದಿನ ಚಟ್ನಿಯೋ ಚಟ್ನಿ.

ಮಗೂಗೆ ಅಂದರೆ ಹಾಲು, ರಾಗಿ ಸರಿ ಬಿಡ್ತಾರೆ,
ಕೇಳಿದರೆ ಮುಚ್ಚಳ ತೆಗೆದು ತೋರಿಸು.
ಆ ಪ್ಲಾಸ್ಟಿಕ್ ಪಿಸ್ತೂಲು ಮಾತ್ರ ನನ್ನ ಕೈಗೆ ಕೊಡು.
ಅಳಲಿ.
ಈಗ ಅತ್ತರೆ ನಾನಿದ್ದೀನಿ.

ನೋಡೋ ಮನ್ವಿತ, ಹೆಬ್ಬಾಳದ ಕೆರೆ.
ಕೊಕ್ಕರೆ ಕಾಲು ಮಡಚಿಕೊಂಡು ಏಳುತ್ತಲ್ಲ,
ನಿನ್ನ ವಿಮಾನವೂ ಹಾಗೇ.

ಏರೋವಾಗ ಕಿವಿ ಕಟ್ಟುತ್ತೆ. ನೀನು ಆಕಳಿಸಿದರೆ ಬಿಟ್ಟೀತು,
ಅವನಿಗೆ ಬೇಕಂದಾಗ ಆಕಳಿಕೆ ಬರಲ್ಲ.
ಬೆಲ್ಲದ ಚೂರೋ ಬಾಟಲಿಯೋ ಚೀಪ್ತಾ ಇರಲಿ,
ಗಾಡಿ ನಿಂತಿರುವಾಗಲೇ ಕೊಟ್ಟು ಮುಗಿಸಿಬಿಡಬೇಡ,
ಗಾಲಿ ಜೋರು ಓಡಿದ ಮೇಲೆ ಕೊಡು.
ಇಳಿಯೋವಾಗ ಮತ್ತೆ. ಮಲಗಿದ್ದರೂ ಎಬ್ಬಿಸು.
ಅವನಿಗೆ ಎರಡು ಜೊತೆ ಬಟ್ಟೆ, ನಿನಗೊಂದು ರವಿಕೆ,
ವಾಂತಿ ಅವನದು, ನೆನೆಯೋಳು ನೀನು.
ಕಕ್ಕಸು ಹುಲಿ ಹಾಗೆ ಗುಡುಗುತ್ತಂತೆ:
ಎರಡೂ ಕೈಯಲ್ಲಿ ಅವನ ಕಿವಿ ಮುಚ್ಚಿ
ಮೊಣಕೈಯಲ್ಲಿ ಬಟನ್ ಒತ್ತು.

ಅತ್ತರೆ ತಿರುಗಿ ನೋಡೋರು ಇರ್ತಾರೆ. ನೋಡಲಿ.
ಇಪ್ಪತ್ತೆರಡು ವರ್ಷ ಅವರನ್ನ ನಾನೂ ನೋಡಿದ್ದೀನಿ,
ಕೋಟು ಹಾಕಿದವನೂ ತೂಕಡಿಸಿದರೆ
ಪಕ್ಕದವನ ಭುಜಕ್ಕೇ ಜೊಲ್ಲು.

ಅಂಡಮಾನಲ್ಲಿ ರೋಲರ್ ಓಡಿಸೋ ನಿನ್ನ ಯಜಮಾನ
ಬಾಗಿಲಿಗೇ ಬಂದಿರ್ತಾನೆ, ಆದರೂ
ಅವನ ನಂಬರು ಮಗೂ ಮುಂಗೈ ಮೇಲಿರಲಿ.
ಪೆನ್ನಿದೆ, ಹೇಳು, ನಾನೇ ಬರೀತೀನಿ.
ಒಂಬತ್ತು... ಎಂಟು... ಅಲ್ಲಾಡಬೇಡ ಕಣೋ,
ಕಚಗುಳಿ ಅಂತೆ ಇವನಿಗೆ.

ಮೋಡದೊಳಗೆ ಹೊಕ್ಕಾಗ ಏನಾಗುತ್ತೆ ಅಂದೆಯಾ?

ಅದು ನನಗೆ ಗೊತ್ತಿಲ್ಲಮ್ಮ.
ದಿನಕ್ಕೆ ಎರಡು ಸಲ, ಮೂರು ಸಲ
ಬಾಗಿಲ ತನಕ ಹೋಗಿ ಹಿಂದೆ ಬರೋಳು ನಾನು.
ಇಷ್ಟು ಹೊತ್ತು ಹೇಳಿದ್ದೆಲ್ಲ
ಇಳಿದು ಬಂದೋರು ನಿದ್ದೆಗಣ್ಣಲ್ಲಿ
ಚಿಲ್ಲರೆ ಎಣಿಸ್ತಾ ಹೇಳಿದ್ದು.
ಕೊಟ್ಟ ಹಾಗೇ ನಿನಗೆ ದಾಟಿಸಿದ್ದೀನಿ,
ಸವಕಲು ನಾಣ್ಯ ಒಂದೆರಡು ಸೇರಿರಬಹುದು.

ಸಾದಹಳ್ಳಿ ಗೇಟು ಬಂತು. ಒಂದೋ, ಎರಡೋ?
ಟರ್ಮಿನಲ್ಲು, ಫೋನಲ್ಲಿ ನೋಡು. ಎರಡಾ?
ಹಾಗಾದರೆ ಈಗಲೇ ಏಳಬೇಡ, ಕೂತಿರು.
ಅಲ್ಲಿ ಮೇಲೂ ಅಷ್ಟೆ, ನಿಂತ ತಕ್ಷಣ ಎಲ್ಲರೂ ಎದ್ದು ನೂಕಾಡ್ತಾರೆ,
ಬಾಗಿಲು ತೆಗೆಯೋಕೆ ಹತ್ತು ನಿಮಿಷ.
ಮಗು ಇರೋಳು ಕೊನೆಗೆ ಇಳಿದರೆ ಏನೂ ನಷ್ಟ ಇಲ್ಲ.

ಇವನಿಗೂ ಟಿಕೆಟ್ ಬೇಕಂತೆ.
ನನ್ನ ಬಸ್ಸಲ್ಲಿ ಇವನಿಗೆ ಇನ್ನೂ ಚಾರ್ಜಿಲ್ಲ,
ಮೆಷಿನ್ನಿಂದ ಗೇಣುದ್ದ ಖಾಲಿ ಕಾಗದ ಹರಿದಿದ್ದೀನಿ.
ಹಿಡ್ಕೊ. ಯಾರು ಕೇಳಿದರೂ ತೋರಿಸು.

ವಾಪಸ್ ಬಂದಾಗ ಭಾಗ್ಯವತಿ ಅಂದರೆ
ಈ ರೂಟಲ್ಲಿ ಯಾರಾದರೂ ಹೇಳ್ತಾರೆ.
ಬೆಲ್ಲದ ಮಾತು ನಿಜವೋ ಸುಳ್ಳೋ, ಅದೊಂದು ಹೇಳಿ ಹೋಗು.
ಮೋಡದ್ದೂ.
ಪಿಸ್ತೂಲು ಈ ಚರ್ಮದ ಚೀಲದಲ್ಲೇ ಇರುತ್ತೆ,
ಚಿಲ್ಲರೆ ಜೊತೆ.